ರೇಷನ್ ಅಕ್ಕಿಯಲ್ಲಿ ತೇಲುವ ಕಾಳು: ಆರಿಸಿ ಎಸೆಯಬೇಕೆ?

ಪ್ರಶ್ನೆ: ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯನ್ನು ತೊಳೆಯುವಾಗ ಕೆಲವು ಕಾಳುಗಳು ತೇಲುತ್ತವೆ. ಬಣ್ಣವೂ ಸ್ವಲ್ಪ ಬೇರೆ. ಪ್ಲಾಸ್ಟಿಕ್ ಅಕ್ಕಿ ಎಂದು ಅಕ್ಕಪಕ್ಕದವರು ಹೇಳಿದ ಮೇಲೆ ಆರಿಸಿ ಎಸೆಯುತ್ತಿದ್ದೇನೆ. ಸೊಸೆ ಐದು ತಿಂಗಳ ಗರ್ಭಿಣಿ, ಭಯವಾಗುತ್ತಿದೆ.
– ಗೃಹಿಣಿ, ಹಾವೇರಿ

ಉತ್ತರ: ದಯವಿಟ್ಟು ಎಸೆಯಬೇಡಿ. ಆ ಚೀಲದಲ್ಲಿ ನಿಮ್ಮ ಸೊಸೆಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಾಳುಗಳೇ ಅವು.

ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ, ಶಾವಿಗೆ ಒತ್ತಿದಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. 100 ಕಿಲೋ ಸಾಮಾನ್ಯ ಅಕ್ಕಿಗೆ ಇಂಥ ಕಾಳು ಒಂದು ಕಿಲೋ ಬೆರೆಸುತ್ತಾರೆ. ಹಿಟ್ಟಿನ ಕಾಳು ಹಗುರ, ಅದಕ್ಕೇ ತೇಲುತ್ತದೆ. ಅನುಮಾನವಿದ್ದರೆ ನಾಲ್ಕು ಕಾಳು ಬೇಯಿಸಿ ಹಿಸುಕಿ ನೋಡಿ, ಅನ್ನದಂತೆಯೇ ಮೆತ್ತಗಾಗುತ್ತದೆ. ಪ್ಲಾಸ್ಟಿಕ್ ಎಷ್ಟು ಕುದಿಸಿದರೂ ಅನ್ನವಾಗದು. ಅಕ್ಕಿ ಕೊಡುವಾಗಲೇ ಯಾರಾದರೂ ಇಷ್ಟನ್ನು ಹೇಳಿದ್ದರೆ ನೀವು ಇಷ್ಟು ದಿನ ಹೆದರಬೇಕಿರಲಿಲ್ಲ.

ಸರ್ಕಾರಿ ಯೋಜನೆಗಳ ಅಕ್ಕಿಯನ್ನೆಲ್ಲ 2024ರೊಳಗೆ ಸಾರವರ್ಧಿತಗೊಳಿಸುವುದಾಗಿ 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಅದಕ್ಕೆ ಕೊಡುವ ಕಬ್ಬಿಣಾಂಶದ ಮಾತ್ರೆಯಾದರೆ ನೆನಪಿಟ್ಟು ನುಂಗಬೇಕು, ಅನ್ನವನ್ನು ಯಾರೂ ಮರೆಯುವುದಿಲ್ಲ. ಗಳಗಂಡ ತಡೆಯಲು ಉಪ್ಪಿಗೆ ಅಯೋಡಿನ್ ಬೆರೆಸಿದ್ದೂ ಇದೇ ಲೆಕ್ಕಾಚಾರದಿಂದ.

ಹಾಗೆಂದು ಈ ಅಕ್ಕಿಯೊಂದನ್ನೇ ನಂಬಿ ಕೂರುವಂತಿಲ್ಲ. ನಿಯಮದಂತೆ ಒಂದು ಕಿಲೋದಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣಾಂಶ ಇರಬೇಕು. ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನ ಉಂಡರೆ ಸಿಗುವುದು ಆರರಿಂದ ಎಂಟು ಮಿಲಿಗ್ರಾಂನಷ್ಟು. ಗರ್ಭಿಣಿಗೆ ಕೊಡುವ ಒಂದು ಮಾತ್ರೆಯಲ್ಲೇ 60 ಮಿಲಿಗ್ರಾಂ ಇರುತ್ತದೆ. ಆದ್ದರಿಂದ ಸೊಸೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ. ಸೊಪ್ಪು, ಬೇಳೆ, ಮೊಟ್ಟೆ ಎಂದಿನಂತಿರಲಿ. ಊಟದ ಬೆನ್ನಿಗೇ ಕಾಫಿ, ಚಹಾ ಬೇಡ, ಅವು ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಗಂಜಿ ಬಸಿದು ಚೆಲ್ಲುವ ರೂಢಿಯಿದ್ದರೆ ಬಿಡಿ, ಹದವಾಗಿ ನೀರಿಟ್ಟು ಬೇಯಿಸಿ.

ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಇದ್ದು ಪದೇ ಪದೇ ರಕ್ತ ಹಾಕಿಸುತ್ತಿದ್ದರೆ, ಅವರ ಮಟ್ಟಿಗೆ ಮಾತ್ರ ಚಿಕಿತ್ಸೆ ನೀಡುವ ವೈದ್ಯರನ್ನು ಮೊದಲು ಕೇಳಿ.