'ಸೌಜನ್ಯಕ್ಕೂ ಕಾನೂನು ಬೇಕೆ?' ಕಳಿಸಿದ ಲೇಖಕರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿನ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ನಿಜವಾದ ಲೇಖನವೊಂದು ಕೂತಿದೆ, ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ನೀವು ಹೇಳುವುದಿಷ್ಟು: ನಮ್ಮ ಹಿರಿಯರಿಗೆ ಮರ್ಯಾದೆ ಸಹಜವಾಗಿ ಗೊತ್ತಿತ್ತು, ಪೊಲಿಟಿಕಲ್ ಕರೆಕ್ಟ್‌ನೆಸ್ (ಯಾರನ್ನೂ ನೋಯಿಸದ ಪದಗಳನ್ನೇ ಬಳಸಬೇಕೆಂಬ ಒತ್ತಾಯ) ಎಂಬುದು ಅಮೆರಿಕದಿಂದ ಬಂದು ಅದನ್ನು ನಿಷಿದ್ಧ ಪದಗಳ ಪಟ್ಟಿ ಮಾಡಿಬಿಟ್ಟಿತು. ಈ ನಿಲುವಿನ ಬಗ್ಗೆ ನಮ್ಮ ತಕರಾರಿಲ್ಲ. ಅದಕ್ಕೆ ನೀವು ಕೊಟ್ಟ ಆಧಾರ ಸಾಲದು.

ಮೊದಲ ಮೂರು ಪುಟ ಅಮೆರಿಕದ ಕಾಲೇಜುಗಳ ಜಗಳ. ಅದನ್ನು ಪೂರ್ತಿ ತೆಗೆಯಿರಿ. ಅಲ್ಲಿ ಯಾರು ಏನಂದರು, ಮುಂದೇನಾಯಿತು ಎಂಬುದು ನಿಮಗೂ ಸುದ್ದಿಯ ತಲೆಬರಹದಷ್ಟೇ ಗೊತ್ತು ಎನ್ನುವುದು ಓದುವಾಗ ಕಾಣುತ್ತದೆ.

'ಹಿಂದೆ ಯಾರೂ ಒಂದು ಮಾತಿಗೆ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ' ಎಂಬ ವಾಕ್ಯ ನಿಲ್ಲುವುದಿಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಆಗಿನ ದಲಿತ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ದೇವರಾಜ ಅರಸು ಸಂಪುಟದಿಂದ ಹೊರಬರಬೇಕಾಯಿತು. ಆಗ ನೊಂದವರು ಬಲವಿದ್ದವರು. ಇದನ್ನು ಬಿಟ್ಟು 'ಹಿಂದೆ' ಎಂದು ಬರೆದರೆ ಓದುಗರೇ ಪತ್ರ ಬರೆದು ನೆನಪಿಸುತ್ತಾರೆ.

ಇನ್ನು ನಿಮ್ಮದೇ ವ್ಯಾಕರಣ. ಪೆನ್ಸಿಲ್ ಹಿಡಿದು ಲೇಖನದ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಕುಲಪತಿಗಳು 'ಹೇಳಿದರು', ವೈದ್ಯರು 'ನಕ್ಕರು'. ಅಪಾರ್ಟ್‌ಮೆಂಟಿನ ಕೆಲಸದಾಕೆ 'ಬಂದಳು', ಆಟೋ ಚಾಲಕ 'ಗೊಣಗಿದ'. ಅವರಿಬ್ಬರೂ ನಿಮಗಿಂತ ಹಿರಿಯರೆಂದು ನೀವೇ ಬರೆದಿದ್ದೀರಿ! ಸಹಜ ಮರ್ಯಾದೆ ಯಾರ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗಂತ ಎಲ್ಲವನ್ನೂ ಬಹುವಚನ ಮಾಡಿಬಿಡಬೇಡಿ. ಕನ್ನಡದ ಏಕವಚನದಲ್ಲಿ ಸಲಿಗೆಯೂ ಇದೆ. ಅಮ್ಮನನ್ನೂ ದೇವರನ್ನೂ 'ನೀನು' ಅನ್ನುವವರು ನಾವು. ನೋಡಬೇಕಾದ್ದು ಒಂದೇ: ಆ ಚಾಲಕರು ನಿಮ್ಮನ್ನು ತಿರುಗಿ 'ನೀನು' ಅನ್ನಬಹುದೆ? ಅನ್ನಬಹುದಾದರೆ ಅದು ಸಲಿಗೆ. ಈ ಒಂದು ಪ್ಯಾರಾವನ್ನು ಲೇಖನದೊಳಗೇ ಬರೆದುಕೊಂಡರೆ ನಿಮ್ಮ ವಾದಕ್ಕೆ ಪ್ರಾಮಾಣಿಕತೆ ಬರುತ್ತದೆ.

'ಕುಂಟ ಅಂದರೆ ಜೈಲು' ಎಂದಿದ್ದೀರಿ. ತಪ್ಪು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಹೇಳುವುದು ಬೇರೆ: ಅವಮಾನಿಸುವ ಉದ್ದೇಶ ಇರಬೇಕು, ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಹಾಗಿದ್ದರೆ 6 ತಿಂಗಳಿಂದ 5 ವರ್ಷ ಜೈಲು ಮತ್ತು ದಂಡ. ಹಳ್ಳಿಯ ಅಜ್ಜಿ ಹೊಸ ಪದ ತಿಳಿಯದೆ ಹಳೆಯದನ್ನು ಆಡಿದರೆ ಈ ಸೆಕ್ಷನ್ ಅವರ ಬಳಿ ಸುಳಿಯುವುದಿಲ್ಲ. ಅಂಥವರನ್ನು ನಾಲ್ಕು ಜನರೆದುರು ತಿದ್ದಿ ಕುಗ್ಗಿಸುವವರ ಬಗ್ಗೆ ನೀವು ತೋರಿಸಿದ ಸಿಟ್ಟು ನ್ಯಾಯವಾದದ್ದು, ಅದನ್ನು ಉಳಿಸಿಕೊಳ್ಳಿ.

ಈಗ ಐದನೇ ಪುಟ. 'ದಿವ್ಯಾಂಗ ಅಂದುಬಿಟ್ಟರೆ ಮೆಟ್ಟಿಲು ಕರಗುತ್ತದೆಯೆ?' ಎಂದು ಒಂದೇ ಸಾಲು ಬರೆದು ಓಡಿಹೋಗಿದ್ದೀರಿ. ಲೇಖನ ಇಲ್ಲಿಂದ ಶುರುವಾಗಬೇಕು. 2015ರ ಡಿಸೆಂಬರಿನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರೇಡಿಯೋ ಭಾಷಣದಲ್ಲಿ 'ವಿಕಲಾಂಗ' ಬದಲು 'ದಿವ್ಯಾಂಗ' ಅನ್ನೋಣ ಎಂದರು. ಮರುವರ್ಷ ಅಂಗವಿಕಲರಿಗಾಗಿ ಇರುವ ಕೇಂದ್ರದ ಇಲಾಖೆಯ ಹಿಂದಿ ಹೆಸರೂ ಬದಲಾಯಿತು. ವಿರೋಧ ಎದ್ದದ್ದು ಹಳೆಯ ಪದಕ್ಕೆ ಅಂಟಿಕೊಂಡ ಸಂಪ್ರದಾಯಸ್ಥರಿಂದ ಅಲ್ಲ, ಅಂಗವಿಕಲರ ಹಕ್ಕಿನ ಸಂಘಟನೆಗಳಿಂದಲೇ. ನಮ್ಮಲ್ಲಿ ದೈವತ್ವ ಹುಡುಕಬೇಡಿ, ಬಸ್ಸಿಗೆ ಹತ್ತಲು ಅನುವು ಮಾಡಿ ಎಂಬುದು ಅವರ ವಾದದ ತಿರುಳು. ಹರಿಜನ ಪದದ ಕತೆಯೂ ಹೀಗೆಯೇ. ಗಾಂಧೀಜಿ ಗೌರವದಿಂದಲೇ ಬಳಸಿದರು, ಅಂಬೇಡ್ಕರ್ ಒಪ್ಪಲಿಲ್ಲ; ಈಗ ಅದನ್ನು ನಿಂದೆಯಾಗಿ ಬಳಸುತ್ತಿದ್ದಾರೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರೆಸಿಕೊಳ್ಳುವವರನ್ನು ಕೇಳದೆ ಮೇಲಿನಿಂದ ಕೊಟ್ಟ ಗೌರವದ ಹೆಸರು ಎಷ್ಟು ದಿನ ಬಾಳುತ್ತದೆ ಎಂಬ ನಿಮ್ಮ ಅನುಮಾನಕ್ಕೆ ಇವಕ್ಕಿಂತ ಗಟ್ಟಿ ಆಧಾರ ಅಮೆರಿಕದಲ್ಲಿ ಸಿಗದು.

ಮತ್ತೊಂದು ಕೆಲಸ ಮಾಡಿ. ಟೇಪು ಹಿಡಿದು ನಿಮ್ಮೂರಿನ ತಾಲ್ಲೂಕು ಕಚೇರಿಗೆ ಹೋಗಿ. ಗಾಲಿಕುರ್ಚಿಯ ಇಳಿಜಾರು ದಾರಿ ಒಂದು ಅಡಿ ಏರಲು ಕನಿಷ್ಠ 12 ಅಡಿ ಉದ್ದ ಇರಬೇಕು. ಉದ್ದ ಅಳೆಯಿರಿ, ಎತ್ತರ ಅಳೆಯಿರಿ, ಎರಡೂ ಬದಿಗೆ ಹಿಡಿಕಂಬಿ ಇದೆಯೇ ನೋಡಿ, ಬುಡದಲ್ಲಿ ಬೈಕು ನಿಲ್ಲಿಸಿದ್ದಾರೆಯೇ ಬರೆದುಕೊಳ್ಳಿ. ಫಲಕದ ಮೇಲೆ ಯಾವ ಪದವಿದೆ ಎಂಬುದನ್ನೂ ಸೇರಿಸಿ. ಅಳತೆ ಸರಿಯಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಸೌಜನ್ಯಕ್ಕೂ ನಿಯಮ ಬೇಕು ಎಂಬ ಎದುರು ವಾದವನ್ನು ನೀವು ಒಣಹುಲ್ಲಿನಂತೆ ಕಟ್ಟಿ ಸುಟ್ಟಿದ್ದೀರಿ. ಅದರ ಬಲವಾದ ರೂಪ ಪಕ್ಕದ ಕೇರಳದಲ್ಲಿದೆ. 2021ರಲ್ಲಿ ಅಲ್ಲಿನ ಹೈಕೋರ್ಟು ಪೊಲೀಸರು ಜನರನ್ನು 'ಎಡಾ', 'ಎಡೀ', 'ನೀ' (ನಮ್ಮ 'ಲೋ', 'ಲೇ', 'ನೀನು' ಇದ್ದಂತೆ) ಎನ್ನಬಾರದು ಎಂದಿತು. ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದರು. ಅದೇ ವರ್ಷ ಪಾಲಕ್ಕಾಡಿನ ಮಾತೂರು ಪಂಚಾಯಿತಿ ತನ್ನ ಕಚೇರಿಯಲ್ಲಿ 'ಸರ್', 'ಮೇಡಂ' ಬೇಡವೆಂದಿತು. ಠಾಣೆಗೆ ದೂರು ಕೊಡಲು ಹೋದ ಕೂಲಿಕಾರರಿಗೆ ಸಹಜ ಸೌಜನ್ಯ ಸಿಗುವವರೆಗೆ ಕಾಯಿರಿ ಅನ್ನಲು ಆಗುತ್ತದೆಯೆ? ನಿಮ್ಮ ಶೀರ್ಷಿಕೆಯ ಪ್ರಶ್ನೆಗೆ ಉತ್ತರ 'ಬೇಡ' ಎಂದೇ ಇದ್ದರೂ ಈ ಠಾಣೆಯನ್ನು ಹಾದು ಬನ್ನಿ.

'ಕುರುಡು ನಂಬಿಕೆ' ಎರಡು ಕಡೆ ಬಂದಿದೆ. ನಾವು ಹೊಡೆದುಹಾಕಿಲ್ಲ. ಅಲ್ಲಿ 'ವಿಚಾರಿಸದ ನಂಬಿಕೆ' ಎಂದರೆ ಅರ್ಥ ಇನ್ನೂ ಚೊಕ್ಕವಾಗುತ್ತದೆ, ಅಷ್ಟೇ, ತೀರ್ಮಾನ ನಿಮ್ಮದು.

1,200 ಪದ ಮೀರದಂತೆ ತಿದ್ದಿ, ಯುನಿಕೋಡಿನಲ್ಲಿ ಕಳಿಸಿ. ತಾಲ್ಲೂಕು ಕಚೇರಿಯ ಅಳತೆಗಳನ್ನು ಬೇರೆ ಹಾಳೆಯಲ್ಲಿ, ಅಳೆದ ದಿನಾಂಕದೊಂದಿಗೆ ಕೊಡಿ. ಅವುಗಳನ್ನು ನಾವೂ ಪರಿಶೀಲಿಸುತ್ತೇವೆ.

ಸಂಪಾದಕರು