ಮೆಡಿಕಲ್ ಕೋಡಿಂಗ್ ಕಂಪನಿಯಲ್ಲಿ ಕೆಲಸ ಹೇಗಿರುತ್ತದೆ? ಒಳಗಿರುವವರು ಏನನ್ನುತ್ತಾರೆ?

ಬಿ.ಎಸ್ಸಿ, ಬಿ.ಫಾರ್ಮಾ ಮುಗಿಸಿದವರಿಗೆ ಒಳ್ಳೆಯ ದಾರಿಯೇ. ಆದರೆ ಬೇಜಾರೂ ಇದೆ.

ಅಮೆರಿಕದ ಡಾಕ್ಟರು ಬರೆದ ಚಾರ್ಟ್ (ರೋಗಿಯ ದಾಖಲೆ) ಓದಿ ಕಾಯಿಲೆಗೆ ಐಸಿಡಿ-10, ಚಿಕಿತ್ಸೆಗೆ ಸಿಪಿಟಿ ಎಂಬ ಪಟ್ಟಿಯ ಕೋಡ್ ಹಾಕಬೇಕು. ಅಲ್ಲಿನ ಇನ್ಶೂರೆನ್ಸ್ ಹಣ ನಿಂತಿರುವುದೇ ಇದರ ಮೇಲೆ. ಕೈ ಮುರಿದಿದೆ ಎಂದರೆ ಸಾಲದು: ಯಾವ ಮೂಳೆ, ಎಡಗೈಯೋ ಬಲಗೈಯೋ, ಚಿಕಿತ್ಸೆ ನಡೆಯುತ್ತಿದೆಯೋ ವಾಸಿಯಾಗುತ್ತಿದೆಯೋ, ಒಂದೊಂದಕ್ಕೂ ಕೋಡ್ ಬೇರೆ. ಇದರಲ್ಲಿ ಆಸಕ್ತಿ ಹುಟ್ಟಿದವರು ಖುಷಿಯಾಗಿಯೇ ಇರುತ್ತಾರೆ.

ಜಾಸ್ತಿ ಕೇಳಿಬರುವ ದೂರು ಟಾರ್ಗೆಟ್‌ನದ್ದು. ದಿನಕ್ಕೆ ಇಷ್ಟು ಚಾರ್ಟ್ ಮುಗಿಸಬೇಕು, ಆಡಿಟ್‌ನಲ್ಲಿ ಸಾಮಾನ್ಯವಾಗಿ 95% ಸರಿ ಇರಬೇಕು. ರೋಗಿಗಳ ಗುಟ್ಟು ಕಾಯಬೇಕಲ್ವಾ, ಹಾಗಾಗಿ ಫೋನ್ ಲಾಕರ್‌ನಲ್ಲಿ. ಎಷ್ಟೋ ಕಡೆ ಪೆನ್ನು, ಪೇಪರ್ ಕೂಡ ಒಯ್ಯುವಂತಿಲ್ಲ.

ಸಿಪಿಸಿ (ಮೆಡಿಕಲ್ ಕೋಡರ್‌ಗಳ ಸರ್ಟಿಫಿಕೇಟ್) ಪರೀಕ್ಷೆ ಪಾಸಾದರೆ ಸಾಮಾನ್ಯವಾಗಿ ಸಂಬಳ ಏರುತ್ತದೆ. ಇಂಟರ್‌ವ್ಯೂನಲ್ಲಿ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂಬ ಕರಾರು) ಇದೆಯಾ ಎಂದು ಕೇಳಲು ಮಾತ್ರ ಮರೆಯಬೇಡಿ.