9800ಎಕ್ಸ್3ಡಿ, ನಾಲ್ಕು ಸ್ಟಿಕ್ ರ್‍ಯಾಮ್ 6400ಕ್ಕೆ, ಎಲ್ಲಕ್ಕೂ ಕಸ್ಟಮ್ ವಾಟರ್ ಕೂಲಿಂಗ್: ಬೆಂಗಳೂರಿನ ಬೇಸಿಗೆಗೆ ಈ ಪ್ಲ್ಯಾನ್ ಸರಿಯಿದೆಯಾ?

ಹೊಸ ಗೇಮಿಂಗ್ ಕಂಪ್ಯೂಟರಿಗೆ ನೀವು ಬರೆದು ಕಳಿಸಿದ ಪ್ಲ್ಯಾನು ಇದು: ಎಎಂಡಿಯ 9800ಎಕ್ಸ್3ಡಿ ಪ್ರೊಸೆಸರ್, ಗಟ್ಟಿ ಪೈಪಿನ ಲೂಪು (ನೀರು ಸುತ್ತಿಸಿ ಬಿಸಿ ಹೊರಹಾಕೋ ವ್ಯವಸ್ಥೆ), ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ್‍ಯಾಮ್ ಮೂರಕ್ಕೂ ವಾಟರ್ ಬ್ಲಾಕು (ಒಳಗೆ ನೀರು ಹರಿಯೋ ಲೋಹದ ತುಂಡು), 16 ಜಿಬಿಯ ನಾಲ್ಕು ಸ್ಟಿಕ್ಕು, ಕೊನೆಗೆ ಯುಪಿಎಸ್ ಬೇಕಾ ಅನ್ನೋ ಪ್ರಶ್ನೆ. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಇಂಥದೇ ಪಟ್ಟಿ ಹಿಡ್ಕೊಂಡು ಹೋದವರಲ್ಲಿ ನಾನೂ ಒಬ್ಬ, ಅದಕ್ಕೇ ನೇರವಾಗಿ ಹೇಳ್ತೀನಿ: ನಾಲ್ಕು ಸ್ಟಿಕ್ಕು ಬೇಡ, ರ್‍ಯಾಮಿನ ಬ್ಲಾಕೂ ಬೇಡ. ಆಮೇಲೆ ಕೆಲಸದ ಕ್ರಮ ತಿರುಗಿಸಿ. ಮೊದಲು ರ್‍ಯಾಮ್, ಕೊನೆಗೆ ನೀರು.

ನಾಲ್ಕು ಸ್ಟಿಕ್ ವಿಷಯ ಬೇಗ ಮುಗಿಸ್ತೀನಿ. ಎಎಂ5ನಲ್ಲಿ, ಅಂದರೆ ಈ ಪ್ರೊಸೆಸರ್ ಕೂರೋ ಸಾಕೆಟ್ಟಿನಲ್ಲಿ, ಎರಡು ಸ್ಟಿಕ್ಕಿಗೆ ಎಎಂಡಿ ಅಧಿಕೃತವಾಗಿ ಕೊಡೋದು 5600ರ ವೇಗ. ನಾಲ್ಕು ಹಾಕಿದರೆ 3600. ಎಕ್ಸ್‌ಪೋ (ಸ್ಟಿಕ್ಕಿನಲ್ಲೇ ಬರೆದಿರೋ ಓವರ್‌ಕ್ಲಾಕ್ ಸೆಟ್ಟಿಂಗು) ಆನ್ ಮಾಡಿ ಅದಕ್ಕಿಂತ ಮೇಲೆ ಓಡಿಸಬಹುದು, ಆದರೆ ಒಂದೊಂದು ಚಾನಲ್ಲಿಗೂ ಎರಡೆರಡು ಸ್ಟಿಕ್ ನೇತುಬಿದ್ದಾಗ ಸಿಗ್ನಲ್ ಕೆಡುತ್ತೆ, 6400 ಅಲ್ಲ, 6000 ನಿಂತರೂ ಅದೃಷ್ಟ. 64 ಜಿಬಿ ಬೇಕೇ ಬೇಕಾದರೆ 32ರ ಎರಡು ಸ್ಟಿಕ್ ಇರೋ ಒಂದೇ ಕಿಟ್ ತಗೊಳ್ಳಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ.

6400ರ ಹಟವನ್ನೂ ಬಿಡಿ. ಸಿಎಲ್ ಅಂದರೆ ಡೇಟಾಗೆ ಕಾಯಬೇಕಾದ ಕ್ಲಾಕುಗಳ ಸಂಖ್ಯೆ. 6000 ಸಿಎಲ್30ರಲ್ಲಿ ಕಾಯೋ ಹೊತ್ತು ಲೆಕ್ಕ ಹಾಕಿದರೆ 10 ನ್ಯಾನೊಸೆಕೆಂಡ್, 6400 ಸಿಎಲ್32 ಕೂಡ 10 ನ್ಯಾನೊಸೆಕೆಂಡೇ. ಸ್ಪೀಡು ಏರಿಸಿದಾಗ ಎಷ್ಟೋ ಬೋರ್ಡುಗಳು ಮೆಮೊರಿ ಕಂಟ್ರೋಲರನ್ನು ಸದ್ದಿಲ್ಲದೆ ಅರ್ಧ ವೇಗಕ್ಕೆ ಇಳಿಸುತ್ತವೆ, ಆಗ 6400 ಅಂತ ತೋರಿಸಿಕೊಂಡೇ ಗೇಮಿನಲ್ಲಿ 6000ಕ್ಕಿಂತ ಹಿಂದೆ ಬೀಳುತ್ತೆ. ಬಯಾಸಿನಲ್ಲಿ ಯುಸಿಎಲ್‌ಕೆ (ಕಂಟ್ರೋಲರ್ ಕ್ಲಾಕು) ಮತ್ತು ಎಂಸಿಎಲ್‌ಕೆ (ಮೆಮೊರಿ ಕ್ಲಾಕು) ಎರಡೂ ಸಮ ಇದೆಯಾ ನೋಡಿ. ಒಂದು ಕ್ಲಾಕಿಗೆ ಎರಡು ಸಲ ಡೇಟಾ ಹೋಗುತ್ತೆ, ಹಾಗಾಗಿ 6000ಕ್ಕೆ ಎರಡೂ 3000 ಇರಬೇಕು. ಅದೂ ಅಲ್ಲದೆ ನಿಮ್ಮದು ಎಕ್ಸ್3ಡಿ ಚಿಪ್ಪು, ಅದರ ದೊಡ್ಡ ಕ್ಯಾಶೆ ರ್‍ಯಾಮಿನ ವ್ಯತ್ಯಾಸವನ್ನು ಮುಚ್ಚಿಹಾಕುತ್ತೆ. ರ್‍ಯಾಮ್ ವೋಲ್ಟೇಜ್ 1.35ರಿಂದ 1.40, ಎಸ್ಒಸಿ (ಪ್ರೊಸೆಸರಿನಲ್ಲಿ ಮೆಮೊರಿ ಕಂಟ್ರೋಲರ್ ಇರೋ ಭಾಗದ ವೋಲ್ಟೇಜ್) 1.20ರಿಂದ 1.25 ಸಾಕು. ಎಸ್ಒಸಿ 1.30 ದಾಟಬಾರದು. 2023ರಲ್ಲಿ ಚಿಪ್ಪುಗಳು ಸುಟ್ಟುಹೋದ ಮೇಲೆ ಎಎಂಡಿ ಹಾಕಿದ ಮಿತಿ ಅದು.

ಈಗ ನಿಜವಾಗಿ ದುಡ್ಡು ತಿನ್ನೋ ತಪ್ಪಿಗೆ ಬರ್ತೀನಿ. ಜನ ಏನು ಮಾಡ್ತಾರೆ ಅಂದರೆ, ರಾತ್ರಿ ಹೊತ್ತು, ಕೇಸಿನ ಬಾಗಿಲು ತೆಗೆದಿಟ್ಟು, ಪ್ರೊಸೆಸರ್ ಮೇಲೆ ಫ್ಯಾನಿನ ಏರ್ ಕೂಲರ್ ಹಾಕಿಕೊಂಡು ರ್‍ಯಾಮ್ ಟೆಸ್ಟ್ ಮಾಡ್ತಾರೆ. ಪಾಸ್. ಆಮೇಲೆ ಕೂಲರ್ ಕಿತ್ತು ವಾಟರ್ ಬ್ಲಾಕ್ ಕೂರಿಸಿ, ಪೈಪು ಬಗ್ಗಿಸಿ, ನೀರು ತುಂಬುತ್ತಾರೆ. ವಾರದೊಳಗೆ ಗೇಮ್ ಕಾರಣವಿಲ್ಲದೆ ಮುಚ್ಚಿಕೊಳ್ಳೋಕೆ ಶುರು. ಬ್ರೌಸರ್ ಟ್ಯಾಬ್ ಸಾಯುತ್ತೆ, ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಫೈಲ್ ಕೆಟ್ಟಿದೆ ಅನ್ನೋ ಸಂದೇಶ) ಬರುತ್ತೆ. ಪ್ರೊಸೆಸರ್ ಟೆಂಪರೇಚರ್ ನೋಡಿದರೆ ತಣ್ಣಗಿದೆ. ಹಾಗಾಗಿ ಮೊದಲು ಗ್ರಾಫಿಕ್ಸ್ ಡ್ರೈವರ್, ಆಮೇಲೆ ಪಂಪು, ಆಮೇಲೆ ಪವರ್ ಸಪ್ಲೈ, ಎಲ್ಲದರ ಮೇಲೂ ಅನುಮಾನ. ರ್‍ಯಾಮ್ ಮೇಲೆ ಮಾತ್ರ ಇಲ್ಲ, ಅದು ಪಾಸಾಗಿದೆಯಲ್ಲ!

ಆಗಿರೋದು ಇಷ್ಟೇ. ಏರ್ ಕೂಲರಿನ ಫ್ಯಾನ್ ಪುಕ್ಕಟೆಯಾಗಿ ರ್‍ಯಾಮ್ ಮೇಲೂ ಗಾಳಿ ಎಳೀತಿತ್ತು. ವಾಟರ್ ಬ್ಲಾಕ್ ಬಂದ ಕೂಡಲೇ ಸಾಕೆಟ್ ಸುತ್ತ ಗಾಳಿಯೇ ಆಡಲ್ಲ, ಸ್ಟಿಕ್ಕು ಮೊದಲಿಗಿಂತ ಬಿಸಿಯಾಗುತ್ತೆ. ಓವರ್‌ಕ್ಲಾಕಿಂಗಿನಲ್ಲಿ ಟಿ-ರೆಫಿ ಅನ್ನೋ ಟೈಮಿಂಗ್ ಎಲ್ಲರೂ ಏರಿಸ್ತಾರೆ. ರ್‍ಯಾಮಿನ ಕೋಶಗಳಲ್ಲಿರೋ ಚಾರ್ಜ್ ಸೋರಿಹೋಗೋ ಮೊದಲು ಎಷ್ಟು ಹೊತ್ತಿಗೊಮ್ಮೆ ತುಂಬಬೇಕು ಅನ್ನೋ ಲೆಕ್ಕ ಅದು. 6000ದಲ್ಲಿ ಆಟೋ ಬಿಟ್ಟರೆ ಸುಮಾರು 11,700 ಕ್ಲಾಕು, ಅಂದರೆ 3.9 ಮೈಕ್ರೊಸೆಕೆಂಡು. ಅದನ್ನು ಗರಿಷ್ಠ 65,535ಕ್ಕೆ ಏರಿಸಿದರೆ ತುಂಬುವ ಸರದಿ ಐದೂವರೆ ಪಟ್ಟು ತಡ. ಬೆಂಚ್‌ಮಾರ್ಕ್ ಚೆನ್ನಾಗಿ ಬರುತ್ತೆ. ಆದರೆ ಬಿಸಿ ಏರಿದಷ್ಟೂ ಚಾರ್ಜ್ ಬೇಗ ಸೋರುತ್ತೆ. 42 ಡಿಗ್ರಿಯಲ್ಲಿ ಗಂಟೆಗಟ್ಟಲೆ ಪಾಸಾದ ಸೆಟ್ಟಿಂಗು 55 ದಾಟಿದಾಗ ಎರರ್ ಕೊಡಬಹುದು. ಬ್ಲೂ ಸ್ಕ್ರೀನ್ ಬರಲೇಬೇಕು ಅಂತೇನಿಲ್ಲ. ಸೇವ್ ಮಾಡಿದ ಫೈಲಿನಲ್ಲಿ ಒಂದು ಬಿಟ್ ತಿರುಗಿ ಕೂತಿದ್ದರೆ ನಿಮಗೆ ಗೊತ್ತೂ ಆಗಲ್ಲ.

ಕೊನೆಗೆ ರ್‍ಯಾಮೇ ಅಂತ ಗೊತ್ತಾದಾಗ ಒಂದು ಸ್ಟಿಕ್ ತೆಗೆದು ನೋಡಬೇಕು. ನೋಡಿದರೆ ಸ್ಲಾಟಿನ ಮುಂದೆಯೇ ಗಟ್ಟಿ ಪೈಪು ಹಾದುಹೋಗಿದೆ. ಪೂರ್ತಿ ಲೂಪು ಖಾಲಿ ಮಾಡದೆ ಕೈ ಹೋಗಲ್ಲ. ಪ್ಲಾಸ್ಟರಿಂಗ್ ಮುಗಿದ ಮೇಲೆ ವೈರಿಂಗ್ ಟೆಸ್ಟ್ ಮಾಡಿದ ಹಾಗೆ.

ಹಾಗಾಗಿ ಕ್ರಮ ಹೀಗಿರಲಿ. ಯಾವುದಾದರೂ ಸಾದಾ ಏರ್ ಕೂಲರ್ ಹಾಕಿ ಮೆಷಿನ್ ಎಬ್ಬಿಸಿ. ಮೊದಲ ಸಲ ಡಿಡಿಆರ್5 ಟ್ರೈನಿಂಗಿಗೆ (ಬೋರ್ಡು ತಾನೇ ಮೆಮೊರಿ ಜೊತೆ ಹೊಂದಿಕೊಳ್ಳೋ ಹೊತ್ತು) ಹಲವು ನಿಮಿಷ ಕಪ್ಪು ಸ್ಕ್ರೀನೇ ಇರುತ್ತೆ, ಗಾಬರಿಯಾಗಿ ಆಫ್ ಮಾಡಬೇಡಿ. ಓವರ್‌ಕ್ಲಾಕ್ ಇಲ್ಲದೆ, ಪೆನ್‌ಡ್ರೈವಿಂದ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಟೆಸ್ಟ್ ಒಂದು ಪೂರ್ತಿ ಸುತ್ತು. ವಿಂಡೋಸ್ ಹಾಕೋದು ಅದು ಪಾಸಾದ ಮೇಲೆ. ನಂತರ ಎಕ್ಸ್‌ಪೋ. ಅದು ನಿಂತ ಮೇಲೆ ಟೈಮಿಂಗ್ ಒಂದೊಂದಾಗಿ, ಒಂದು ಬದಲಾಯಿಸಿದರೆ ಒಂದು ಟೆಸ್ಟು. ಅದಕ್ಕೆ ಟೆಸ್ಟ್‌ಮೆಮ್5 ಅಥವಾ ಕರ್ಹು ಪ್ರೋಗ್ರಾಂ, ಕೊನೆಗೆ ವೈ-ಕ್ರಂಚರ್. ನಿಜವಾದ ಪರೀಕ್ಷೆ ಮಾತ್ರ ಮಧ್ಯಾಹ್ನ ಆಗಬೇಕು: ಕೇಸಿನ ಎಲ್ಲ ಪ್ಯಾನೆಲ್ ಮುಚ್ಚಿ, ಗ್ರಾಫಿಕ್ಸ್ ಕಾರ್ಡಿಗೂ ಲೋಡ್ ಕೊಟ್ಟು, ಕೂಲರ್ ಫ್ಯಾನನ್ನು ಪ್ರೊಸೆಸರ್ ತಡೆಯುವಷ್ಟು ನಿಧಾನ ಮಾಡಿ. ಪಕ್ಕದಲ್ಲಿ ಟೆಂಪರೇಚರ್ ತೋರಿಸೋ ಎಚ್‌ಡಬ್ಲ್ಯುಇನ್ಫೋ ತೆರೆದಿಡಿ, ಡಿಡಿಆರ್5 ಸ್ಟಿಕ್ಕಿನಲ್ಲೇ ಸೆನ್ಸರ್ ಇದೆ. ಅಲ್ಲಿ ಎರರ್ ಬಂದರೆ ಟಿ-ರೆಫಿ ಇಳಿಸಿ, ವೋಲ್ಟೇಜ್ ಏರಿಸೋಕೆ ಹೋಗಬೇಡಿ. ಇನ್ನಷ್ಟು ಬಿಸಿಯಾಗುತ್ತೆ ಅಷ್ಟೇ.

ರ್‍ಯಾಮಿಗೆ ವಾಟರ್ ಬ್ಲಾಕ್ ಯಾಕೆ ಬೇಡ ಅಂದರೆ, ಏಪ್ರಿಲ್ಲಿನಲ್ಲಿ ನಿಮ್ಮ ರೂಮು 32 ಡಿಗ್ರಿ ಇದ್ದರೆ ಲೂಪಿನ ನೀರೇ 42 ಇರುತ್ತೆ. ಅದಕ್ಕಿಂತ ರೂಮಿನ ಗಾಳಿಯೇ ತಂಪು! ಸ್ಟಿಕ್ಕುಗಳ ಮೇಲೆ 120 ಎಂಎಂ ಫ್ಯಾನೊಂದನ್ನು ಬ್ರಾಕೆಟ್ಟಿನಲ್ಲಿ ಕೂರಿಸಿ 900 ಆರ್‌ಪಿಎಂ ಓಡಿಸಿದರೆ ಹತ್ತು ಡಿಗ್ರಿ ಸುಲಭವಾಗಿ ಇಳಿಯುತ್ತೆ. ಹೀಟ್‌ಸಿಂಕ್ ಕಿತ್ತು ವಾರಂಟಿ ಕಳ್ಕೊಳ್ಳೋ ರಗಳೆಯೂ ಇಲ್ಲ.

ಲೂಪಿನ ಮಾತಿಗೆ ಬಂದರೆ, ಗ್ರಾಫಿಕ್ಸ್ ಕಾರ್ಡನ್ನು ಸೇರಿಸದಿದ್ದರೆ ಕಸ್ಟಮ್ ಲೂಪು ದಂಡ, ಒಳ್ಳೆ ಏರ್ ಕೂಲರ್ ಸಾಕು. 9800ಎಕ್ಸ್3ಡಿ 162 ವ್ಯಾಟ್ ದಾಟಲ್ಲ, ಅದರ ತೊಂದರೆ ಇರೋದು ಸಣ್ಣ ಜಾಗದಿಂದ ಬಿಸಿ ಹೊರಬರೋದರಲ್ಲಿ. ಕಾರ್ಡು 285 ವ್ಯಾಟಿನದಾದರೆ ಅದೂ ಸೇರಿ ಸುಮಾರು 450 ಅಂತಿಟ್ಟುಕೊಳ್ಳಿ. ಒಂದು 120 ಎಂಎಂ ಭಾಗಕ್ಕೆ 100 ವ್ಯಾಟ್ ಅನ್ನೋ ರೂಢಿಯ ಲೆಕ್ಕದಲ್ಲಿ 360 ಮತ್ತು 240ರ ಎರಡು ರೇಡಿಯೇಟರ್ ಆಗಬೇಕು, ಆದರೆ ನಾನಾದರೆ ಎರಡೂ 360 ಹಾಕ್ತೀನಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ಚೆನ್ನೈಗಿಂತ ಶೇಕಡ 10ರ ಹತ್ತಿರ ತೆಳು. ಅದೇ ಫ್ಯಾನು ಅದೇ ವೇಗದಲ್ಲಿ ಸ್ವಲ್ಪ ಕಮ್ಮಿ ಬಿಸಿ ಹೊರತಳ್ಳುತ್ತೆ. ಹೊರದೇಶದ ರಿವ್ಯೂ ನೋಡಿ ರೇಡಿಯೇಟರ್ ಅಳೆಯುವವರಿಗೆ ಇದು ನೆನಪಿಗೇ ಬರಲ್ಲ.

ಪೈಪು ಮೆತ್ತನೆಯದೇ ಇರಲಿ, ಒಳಗೆ 10, ಹೊರಗೆ 16 ಎಂಎಂ ಇರೋ ಇಪಿಡಿಎಂ ರಬ್ಬರು. ಪಿಇಟಿಜಿ ಪ್ಲಾಸ್ಟಿಕ್ಕಿನ ಗಟ್ಟಿ ಪೈಪು 60 ಡಿಗ್ರಿ ಹತ್ತಿರ ಮೆತ್ತಗಾಗಿ ಫಿಟ್ಟಿಂಗಿನಲ್ಲಿ ಸಡಿಲ ಬೀಳಬಹುದು, ಪಂಪು ನಿಂತ ದಿನ ನೀರು ಅಷ್ಟು ಕಾಯಬಲ್ಲದು. ರೇಡಿಯೇಟರ್ ತಾಮ್ರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಅಗ್ಗದ ಅಲ್ಯೂಮಿನಿಯಂ ತಾಮ್ರದ ಬ್ಲಾಕಿನ ಜೊತೆ ಒಂದೇ ನೀರಿನಲ್ಲಿದ್ದರೆ ಸವೆದುಹೋಗುತ್ತೆ. ನೀರು ಡಿಸ್ಟಿಲ್ಡ್, ಜೊತೆಗೆ ಪಾಚಿಗೆ ಬಯೋಸೈಡ್, ತುಕ್ಕಿಗೆ ಇನ್‌ಹಿಬಿಟರ್. ಬೋರ್‌ವೆಲ್ ನೀರಲ್ಲಿ ರೇಡಿಯೇಟರ್ ತೊಳೆಯೋದೂ ಬೇಡ, ಆರ್‌ಒ ನೀರು ತುಂಬೋದೂ ಬೇಡ. ಅತಿ ಕೆಳಗಿನ ಜಾಗದಲ್ಲಿ ಬಾಲ್ ವಾಲ್ವ್ ಇಟ್ಟು ಡ್ರೈನ್ ಬಿಡಿ. ತುಂಬುವ ಮೊದಲು ಗಾಳಿ ಪಂಪಿನಿಂದ 0.5 ಬಾರ್ ಒತ್ತಡ ಕೊಟ್ಟು ಅರ್ಧ ಗಂಟೆ ಒತ್ತಡದ ಮೀಟರಿನ ಮುಳ್ಳು ಅಲುಗದೆ ನಿಲ್ಲುತ್ತಾ ನೋಡಿ. ಆಮೇಲೆ ಪವರ್ ಸಪ್ಲೈಗೆ ಜಂಪರ್ (ಬೋರ್ಡಿಲ್ಲದೆಯೂ ಅದನ್ನು ಆನ್ ಮಾಡೋ ಪ್ಲಗ್ಗು) ಹಾಕಿ ಪಂಪು ಮಾತ್ರ ಓಡಿಸಿ, ಮದರ್‌ಬೋರ್ಡಿಗೆ ಕರೆಂಟ್ ಬೇಡ. ಪಂಪು ಒಣಗಿ ಓಡಬಾರದು, ರಿಸರ್ವಾಯರ್ ಖಾಲಿಯಾಗ್ತಿದ್ದ ಹಾಗೆ ನಿಲ್ಲಿಸಿ ತುಂಬಿ. ಫ್ಯಾನ್ ವೇಗ ಪ್ರೊಸೆಸರ್ ಬಿಸಿಗಲ್ಲ, ನೀರಿನ ಬಿಸಿಗೆ ಕಟ್ಟಿ, 10 ಕಿಲೋಓಮಿನ ಟೆಂಪರೇಚರ್ ಸೆನ್ಸರ್ ಸಾಕು.

ಯುಪಿಎಸ್ ಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಕು, ಪ್ಯೂರ್ ಸೈನ್ ವೇವ್‌ದೇ ಆಗಲಿ, ಮನೆಯ 600 ವಿಎ ಡಬ್ಬ ಈ ಲೋಡ್ ಹೊರಲ್ಲ. ಬಯಾಸ್ ಅಪ್‌ಡೇಟ್ ಅಂತೂ ಅದು ಬಂದ ಮೇಲೇ ಮಾಡಿ.